ಮೀನು ಸಾಕು

೧೯೭೩ರ ಫೆಬ್ರುವರಿ ತಿಂಗಳ ಎರಡನೆಯ ಸೋಮವಾರ ಮುಂಜಾನೆ ಹತ್ತು ಗಂಟೆಗೆ ಹೌಜಿನ ಓಣಿಯ ನೀರು ಕಮಿಟಿಯವರು ಕೌದಿ ಹೊಲೆಯುವ ಪೀರಾಂಬಿಯ ಅಂಗಳಕ್ಕೆ ಬಂದು, ಆಕೆಯ ನಳ ಕತ್ತರಿಸಿ, ಕೊಳವೆಯ ಬಾಯಿಗೆ ಕಟ್ಟಿಗೆಯ ಬೆಣೆ ಹೊಡೆದು ಹೋದರು. ಓಣಿಯ ಉಳಿದ ಇಪ್ಪತ್ತೆರಡು ಮನೆಗಳ ನಳ ಕತ್ತರಿಸಲಿಲ್ಲ. ಆ ಹೊತ್ತಿಗೆ ಕಮಿಟಿಯ ಉಪಾಧ್ಯಕ್ಷ ಅಬ್ದುಲಸಮದನ ಜೀಪು ಅವನ ಕಟ್ಟಿಗೆ ಅಡ್ಡೆಯ ಮುಂದೆ ಮೀಯುತ್ತಿತ್ತು.

ಓಣಿ ವಿಜಾಪುರದ ಸಿದ್ಧೇಶ್ವರ ಗುಡಿಯಿಂದ ಕೂಗಳತೆಯಲ್ಲಿದೆ. ಅದರ ತುದಿಗೆ ಬಾದಶಾಹಿ ಕಾಲದ ಒಂದು ಬಾವಡಿ, ಅಂದರೆ ಮೆಟ್ಟಿಲ ಬಾವಿ. ಬರಗಾಲ ಬಿದ್ದು ಊರಿನ ನೀರು ಹೊಸ ಅಳಿಯನ ಹಾಗೆ ಅಪರೂಪಕ್ಕೆ ಮುಖ ತೋರಿಸತೊಡಗಿದಾಗ ಓಣಿಯವರೇ ಬಾವಡಿಯ ಹೂಳು ತೆಗೆದರು, ಇಂಜಿನು ಕೂಡಿಸಿದರು, ಮನೆಮನೆಗೆ ಕೊಳವೆ ಎಳೆದರು. ಹೂಳು ಹೊತ್ತವರಲ್ಲಿ ಪೀರಾಂಬಿಯೂ ಇದ್ದಳು. ಹನ್ನೊಂದು ದಿನ ಬುಟ್ಟಿ ಹೊತ್ತು ಆಕೆಯ ನೆತ್ತಿಯ ಕೂದಲು ಸವೆದಿತ್ತು. ಹೂಳು ಹೊರುವ ದಿನ ಕಾಣದೇ ಇದ್ದವರು ಕಮಿಟಿ ಮಾಡುವ ದಿನ ಮುಂದಿನ ಸಾಲಿನಲ್ಲಿ ಕಂಡರು. ಅರಿವೆ ಅಂಗಡಿಯ ಶಿವಯೋಗೆಪ್ಪ ಸಾವಕಾರ ಅಧ್ಯಕ್ಷನಾದ, ಅಬ್ದುಲಸಮದ ಉಪಾಧ್ಯಕ್ಷನಾದ. ಒಬ್ಬ ಗುಡಿಗೆ ಹೋಗುವವ, ಇನ್ನೊಬ್ಬ ಮಸೀದಿಗೆ ಹೋಗುವವ. ನೀರಿನ ವಿಷಯಕ್ಕೆ ಬಂದರೆ ಇಬ್ಬರದೂ ಒಂದೇ ಜಾತಿ. ಇಂಜಿನಿನ ಕೀಲಿ ಸಾವಕಾರನ ಉಡುದಾರದಲ್ಲಿ ತೂಗಿತು. ಅರಿವೆ ಅಳೆಯುವಾಗ ತನ್ನ ಹೆಬ್ಬೆರಳನ್ನೂ ಗಜಕ್ಕೆ ಸೇರಿಸುವ ಮನುಷ್ಯ ನೀರನ್ನು ಹೇಗೆ ಅಳೆದಾನು ಎಂದು ಅಂದು ಯಾರೂ ಕೇಳಲಿಲ್ಲ.

ನಳ ಕತ್ತರಿಸಿದ್ದಕ್ಕೆ ಕಮಿಟಿ ಕೊಟ್ಟ ಕಾರಣ ಇಷ್ಟೇ: ಮಂದಿಗೆ ಕುಡಿಯಲು ನೀರಿಲ್ಲ, ಈಕೆ ಮೀನಿಗೆ ನೀರು ಕುಡಿಸುತ್ತಾಳೆ.

ಹಾಗಾದರೆ ಆ ಮೀನಿನ ಸಂಗತಿ ಹೇಳಲೇಬೇಕು. ಪೀರಾಂಬಿಯ ಅಂಗಳದ ನಡುವೆ ಒಂದು ಹೌಜು, ಅಂದರೆ ಎದೆಮಟ್ಟದ ಕಲ್ಲಿನ ನೀರುತೊಟ್ಟಿ. ಕಟ್ಟಿಸಿದ ಸರದಾರನ ಹೆಸರು ಅಳಿದು, ಹೌಜು ಉಳಿದು, ಓಣಿಗೇ ಹೆಸರಾಗಿತ್ತು. ಆಕೆಯ ಗಂಡ ರಸೂಲಸಾಬ ಗೌಂಡಿ. ಬದುಕಿದ್ದಾಗ ಅದರ ಬಿರುಕಿಗೆಲ್ಲ ಗಾರೆ ಮೆತ್ತಿ ಒಂದು ಹನಿ ಸೋರದಂತೆ ಮಾಡಿದ್ದ. ಅವನು ತೀರಿದ ಮೇಲೆ ನಿಂತ ನೀರಿನಲ್ಲಿ ಸೊಳ್ಳೆ ಎದ್ದವು. ಸೊಳ್ಳೆಯ ಮರಿ ತಿನ್ನಲಿ ಎಂದು ಜೈನಾಪುರದ ಅಮಸಿದ್ದನೆಂಬ ಹುಡುಗ ಯಾವುದೋ ಕೆರೆಯಿಂದ ಒಂದು ಕೊಡ ಮೀನಿನ ಮರಿ ತಂದು ಸುರುವಿದ. ಮರಿ ಬೆಳೆದವು, ನೀರು ನಾರಿತು. ನಾರುವ ನೀರನ್ನೂ ಚೆಲ್ಲಲು ಮನಸ್ಸಾಗದೆ ಪೀರಾಂಬಿ ಅದನ್ನು ಗೋಡೆಗೆ ಹತ್ತಿದ ಹಳೆಯ ಕಲ್ಲು ಗೋದಲಿಗೆ ಹೊಯ್ದಳು. ದನ ಮೇಯುತ್ತಿದ್ದ ಆ ಗೋದಲಿಯಲ್ಲಿ ಗಂಡ ಬಿಟ್ಟುಹೋದ ಖಡಿ, ಅಂದರೆ ಜಲ್ಲಿಕಲ್ಲು, ತುಂಬಿತ್ತು. ಖಡಿಯ ಸಂದಿಯಲ್ಲಿ ಯಾವ ಹಕ್ಕಿಯ ದಯೆಯೋ, ಒಂದು ಬದನೆಯ ಸಸಿ ಎದ್ದಿತ್ತು. ಎರಡು ತಿಂಗಳಲ್ಲಿ ಆ ಸಸಿ ಕಾಯಿಯ ಭಾರಕ್ಕೆ ನೆಲ ಮುಟ್ಟಿತು. ಅದಕ್ಕಿಂತ ಬೆರಗೆಂದರೆ, ಗೋದಲಿಯ ತೂತಿನಿಂದ ಇಳಿದ ನೀರು ನಾರುತ್ತಿರಲಿಲ್ಲ. ಪೀರಾಂಬಿ ಅದನ್ನು ಬೊಗಸೆಯಲ್ಲಿ ಹಿಡಿದು ಮೂಸಿದಳು, ಮತ್ತೊಮ್ಮೆ ಮೂಸಿದಳು, ತಿರುಗಿ ಹೌಜಿಗೇ ಸುರುವಿದಳು.

ಅಲ್ಲಿಂದ ಅದೊಂದು ನೀರಿನ ಗಾಣವಾಯಿತು. ಮೂರು ಗೋದಲಿ, ಒಂದಕ್ಕಿಂತ ಒಂದು ಗೇಣು ಕೆಳಗೆ. ತವರೂರು ಟಿಕೋಟಾದ ಹಳ್ಳದಿಂದ ಚೀಲದಲ್ಲಿ ಹರಳುಕಲ್ಲು ತಂದು ತುಂಬಿದಳು. ಮುಂಜಾನೆ ನಲವತ್ತು ಬಕೀಟು, ಸಂಜೆ ನಲವತ್ತು ಬಕೀಟು ಎತ್ತಿ ಮೇಲಿನ ಗೋದಲಿಗೆ ಹೊಯ್ದರೆ, ಆ ನೀರು ಬದನೆಯ ಬೇರು, ಟೊಮೆಟೊದ ಬೇರು, ಮೆಂತ್ಯ ಪುಂಡಿಪಲ್ಲೆಗಳ ಬೇರು ಸವರಿ, ತನ್ನ ಹೊಲಸನ್ನು ಅವಕ್ಕೆ ಉಣ್ಣಿಸಿ, ತಾನು ಮಡಿಯಾಗಿ ಮೀನಿನ ಬಳಿಗೆ ಮರಳುತ್ತಿತ್ತು. ಬಿಸಿಲು ಹೀರುವ ಎರಡು ಕೊಡ ಬಿಟ್ಟರೆ ಹನಿ ಖರ್ಚಿಲ್ಲ. ಅಬ್ದುಲಸಮದನ ಜೀಪು ಒಂದು ಮುಂಜಾವಿನಲ್ಲಿ ಕುಡಿಯುವ ನೀರಿನಲ್ಲಿ ಪೀರಾಂಬಿಯ ಮೀನು ಹತ್ತು ದಿನ ಬದುಕುತ್ತಿದ್ದವು. ಆದರೆ ಜೀಪಿಗೆ ಕಮಿಟಿಯಲ್ಲಿ ಕುರ್ಚಿ ಇತ್ತು, ಮೀನಿಗಿರಲಿಲ್ಲ.

ಮೀನುಗಳಿಗೆ ಹೆಸರಿದ್ದವು. ಮೂಲೆಯಲ್ಲಿ ಹೊಟ್ಟೆ ಬಿಟ್ಟುಕೊಂಡು ನಿಂತು, ಬಾಯಿಗೆ ಬಂದದ್ದನ್ನು ನುಂಗುವುದಷ್ಟೇ ಕೆಲಸವಾದದ್ದು ಮಾಮಲೇದಾರ. ಉದ್ದ ಮೀಸೆಯದು, ಉಳಿದವುಗಳ ಬಾಯಿಂದ ಕಸಿದು ತಿನ್ನುವುದು, ಪೊಲೀಸ ಠಾಣೆಯ ಸಾಹೇಬರಂತೆ, ಫೌಜದಾರ. ಶುಕ್ರವಾರ ಬಾಣಲೆಗೆ ಬೀಳುವವಕ್ಕೆ ಆಕೆ ಹೆಸರಿಡುತ್ತಿರಲಿಲ್ಲ. ಹೆಸರಿಟ್ಟದ್ದನ್ನು ತಿನ್ನುವುದು ಸರಕಾರಕ್ಕಷ್ಟೇ ಬರುವ ವಿದ್ಯೆ.

ನಳ ಹೋದ ದಿನ ಪೀರಾಂಬಿ ಹೌಜಿನ ಒಳಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಇದ್ದಿಲಿನ ಗೆರೆ ಎಳೆದಳು. ಮರುದಿನ ನೀರು ಒಂದು ಬೆರಳು ಇಳಿದಿತ್ತು, ಇನ್ನೊಂದು ಗೆರೆ. ಇಪ್ಪತ್ತೈದು ಗೆರೆಯಾದರೆ ಬಕೀಟು ಮುಳುಗದು, ಗಾಣ ನಿಲ್ಲುತ್ತದೆ, ಕಾಯುವ ನೀರಿನಲ್ಲಿ ಮೀನು ಹೊಟ್ಟೆ ಮೇಲಾಗಿ ತೇಲುತ್ತವೆ, ಮೂರನೆಯ ದಿನ ಗಿಡ ಬಾಡುತ್ತವೆ. ಆಕೆಯ ಅನ್ನವೂ ಅಲ್ಲಿಗೆ ನಿಂತಂತೆ. ಕೌದಿಯ ಕೆಲಸ ಆಗಲೇ ನಿಂತಿತ್ತು; ಹಳೆಯ ಸೀರೆಯನ್ನೇ ಉಡುವ ವರ್ಷದಲ್ಲಿ ಕೌದಿಗೆಂದು ಹಳೆಯ ಸೀರೆ ಕೊಡುವವರಾರು? ಪೀರಾಂಬಿಗೆ ನೀರು ಕೊಟ್ಟವರ ನಳಕ್ಕೂ ಬೆಣೆ ಬೀಳುತ್ತದೆಂದು ಕಮಿಟಿ ಸಾರಿತ್ತು. ಅಕ್ಕಪಕ್ಕದವರು ಕುಡಿಯುವುದಕ್ಕೆ ಒಂದು ಕೊಡವನ್ನು ಮೊರ ಮುಚ್ಚಿ ತಂದಿಟ್ಟು, ಏನೂ ಅರಿಯದವರಂತೆ ಹೋಗುತ್ತಿದ್ದರು. ಹೌಜಿಗೆ ಹೊಯ್ಯುವಷ್ಟು ಯಾರಲ್ಲೂ ಇರಲಿಲ್ಲ.

ಮಂಗಳವಾರ ಅಮಸಿದ್ದ ಬಂದ. ಅವನು ಈಗ ಕಮಿಟಿಯ ಇಂಜಿನು ನಡೆಸುವ ಆಳು. ಮುಖ ಸಣ್ಣದು ಮಾಡಿಕೊಂಡು ಒಂದು ಚೀಟಿ ಕೊಟ್ಟ. ಪೀರಾಂಬಿ ಕೈ ಒರೆಸಿಕೊಂಡು ಚೀಟಿ ಹಿಡಿದಳು. ಓದು ಕಲಿತು ಎರಡು ವರ್ಷವಾಗಿತ್ತು. ಅಕ್ಷರಗಳು ಇನ್ನೂ ಆಕೆಯ ಎದುರು ಒಂದೊಂದಾಗಿ ಬಂದು ಸಲಾಮು ಹೊಡೆದೇ ಮುಂದೆ ಹೋಗುತ್ತಿದ್ದವು. ಮೇಲೆ ಅಚ್ಚಾದದ್ದು: ಹೌಜಿನ ಓಣಿ ನೀರು ಕಮಿಟಿ, ಸ್ಥಳ: ಅಧ್ಯಕ್ಷರ ಹಿತ್ತಲು. ಅದರ ಕೆಳಗೆ ಕೈಬರಹದ ಎರಡೇ ಶಬ್ದ: ಮೀನು ಸಾಕು.

ಬರೆದವರು ಗುರುಪಾದಯ್ಯನವರು, ಕಮಿಟಿಯ ಬರವಣಿಗೆಯವರು. ತಾರ ಕಚೇರಿಯಲ್ಲಿ ಮೂವತ್ತು ವರ್ಷ ಮಂದಿಯ ಶಬ್ದ ಎಣಿಸಿ ನಿವೃತ್ತರಾದವರು. ಮನೆಗೆ ಬಂದರೆ ಹೆಂಡತಿಯೊಡನೆಯೂ ‘ಬಂದೆ. ಹಸಿವು.’ ಎಂದು ಮುಗಿಸುವ ಮನುಷ್ಯ. ಮೀನಿನ ಆಟ ಇನ್ನು ಸಾಕು, ನಿಲ್ಲಿಸು ಎಂಬುದನ್ನು ಅವರು ಎರಡು ಶಬ್ದಕ್ಕೆ ಇಳಿಸಿದ್ದರು.

ಪೀರಾಂಬಿ ಎರಡು ಸಲ ಓದಿದಳು. ಮುಖ ಅರಳಿತು.

“ತಮ್ಮಾ, ಕಮಿಟ್ಯಾವ್ರಿಗೆ ಬುದ್ಧಿ ಬಂದೈತಿ ನೋಡು. ಮೀನ ಸಾಕು ಅಂತ ಬರದಾರ.”

ಅಮಸಿದ್ದನಿಗೆ ಓದು ಬಾರದು. ಬರೆದದ್ದು ಹಾಗಿದ್ದರೆ ಹಾಗೇ ಇರಬೇಕು ಎಂದ. ನಳ ಕತ್ತರಿಸಿದವರು ಮೀನು ಸಾಕಲು ಯಾಕೆ ಹೇಳುತ್ತಾರೆ ಎಂಬ ಸಂಶಯ ಇಬ್ಬರಿಗೂ ಬರಲಿಲ್ಲವೆಂದಲ್ಲ. ಆದರೆ ದೊಡ್ಡವರ ಹುಕುಮಿನಲ್ಲಿ ಅರ್ಥ ಹುಡುಕುವುದು ಬಡವರ ರೂಢಿಯಲ್ಲ. ನಾಳೆ ನಳದ ಬೆಣೆಯನ್ನೂ ಕೀಳುತ್ತಾರೆಂದು ನಂಬಿ, ಆಕೆ ಅವನಿಗೆ ಇನ್ನೂ ಇಪ್ಪತ್ತು ಮರಿ ತರಲು ಹೇಳಿದಳು.

ಬುಧವಾರ ಮಧ್ಯಾಹ್ನ ರೇಣುಕವ್ವನ ಪಡಸಾಲೆಯಲ್ಲಿ ಓದಿನ ಕೂಟ. ರೇಣುಕವ್ವ ಕನ್ನಡ ಸಾಲೆಯ ಶಿಕ್ಷಕಿ, ಓಣಿಗೆಲ್ಲ ಅಕ್ಕೋರು. ಹತ್ತು ಹನ್ನೆರಡು ಹೆಂಗಸರು ಕೌದಿ ಚುಚ್ಚುತ್ತ, ಬೇಳೆ ಹಸನು ಮಾಡುತ್ತ ಕೂತು ಪತ್ರಿಕೆಯ ಒಂದೊಂದು ಸಾಲನ್ನು ಸರದಿಯ ಮೇಲೆ ಓದುವುದು ಅಲ್ಲಿಯ ಕ್ರಮ. ನಿಯಮ ಒಂದೇ: ಮೇಲಿಂದ ಕೆಳಗೆ ಒಂದಕ್ಷರ ಬಿಡದೆ ಓದಬೇಕು, ಬರೆಯದೇ ಇದ್ದದ್ದನ್ನು ಯಾರಾದರೂ ಓದಿ ಹೇಳಿದರೆ ನಂಬಬಾರದು. ಹೆಬ್ಬಟ್ಟು ಒತ್ತಿ ಒತ್ತಿ ಕೆಟ್ಟ ಓಣಿಗೆ ಅದಕ್ಕಿಂತ ದೊಡ್ಡ ಪಾಠ ಇರಲಿಲ್ಲ.

ಪೀರಾಂಬಿ ಸಂಭ್ರಮದಿಂದ ಚೀಟಿ ತೋರಿಸಿದಳು. ರೇಣುಕವ್ವ ಓದಿ, ಕನ್ನಡಕ ತೆಗೆದು, ನಗತೊಡಗಿದವಳು ಬೇಳೆಯ ಮೊರ ಮಗುಚಿ ಬೀಳುವವರೆಗೂ ನಕ್ಕಳು. ಆಮೇಲೆ ತಿಳಿಸಿ ಹೇಳಿದಳು. ಇದು ಸಾಕುವ ಸಾಕಲ್ಲ, ಬೇಸರದ ಸಾಕು. ಉಂಡವ ಎಲೆಯ ಮೇಲೆ ಕೈ ಅಡ್ಡ ಹಿಡಿದು ಹೇಳುವ ಸಾಕು.

ಪೀರಾಂಬಿಯ ಮುಖ ಮೊದಲು ಬಾಡಿತು. ಕೈಯಲ್ಲಿದ್ದ ಸೂಜಿಗೆ ದಾರ ಪೋಣಿಸಿದಳು. ಬಳಿಕ ಆಕೆಯ ಎಡಗಣ್ಣಿನ ಮೂಲೆಯಲ್ಲಿ ಏನೋ ಮಿನುಗಿತು. ರಸೂಲಸಾಬ ಬದುಕಿದ್ದರೆ ಅದನ್ನು ಕಂಡು ಅಂದಿನ ಕೆಲಸಕ್ಕೆ ಬೇಗನೆ ಹೊರಟುಬಿಡುತ್ತಿದ್ದ.

“ಅಕ್ಕೋರ, ಕೈ ಅಡ್ಡ ಹಿಡದದ್ದು ಈ ಚೀಟ್ಯಾಗ ಎಲ್ಲಿ ಬರದಾರ?”

“ಬರದಿಲ್ಲ.”

“ಬರೀಲಾರದ್ದನ್ನ ಓದಬ್ಯಾಡ ಅಂತ ಕಲಿಸಿದವರು ಯಾರು?”

ರೇಣುಕವ್ವ ಕನ್ನಡಕ ಮತ್ತೆ ಹಾಕಿಕೊಂಡಳು. ತಾನೇ ಕಲಿಸಿದ ಪಾಠ ತನ್ನೆದುರು ಕೂತು ಕಾಲು ಚಾಚಿದ್ದನ್ನು ನೋಡಿ ಆಕೆಗೆ ಹೆಮ್ಮೆಯೂ ಆಯಿತು, ಹೆದರಿಕೆಯೂ ಆಯಿತು.

ಅಮಸಿದ್ದ ಇಪ್ಪತ್ತು ಮರಿ ತಂದ. ಹುಕುಮು ಪಾಲಿಸಲಾಯಿತು.

ಮುಂದಿನ ಸೋಮವಾರ ಕಮಿಟಿ ತಪಾಸಣೆಗೆ ಬಂತು. ಹೌಜಿನಲ್ಲಿ ಏಳು ಗೆರೆ ನೀರು ಇಳಿದಿತ್ತು, ಮೀನು ಮಾತ್ರ ಇಮ್ಮಡಿಯಾಗಿದ್ದವು. ಶಿವಯೋಗೆಪ್ಪ ಹೌಜಿನೊಳಗೆ ಇಣುಕಿದ. ಫೌಜದಾರ ಮೇಲೆದ್ದು ಅವನ ಕಡೆ ಮೀಸೆ ತಿರುವಿ ಒಳಗೆ ಹೋಯಿತು. ಸಾವಕಾರ ಕೆಂಪಾಗಿ, ಕೊಟ್ಟ ಚೀಟಿ ಎಲ್ಲಿ, ಅದರಲ್ಲಿ ಏನು ಬರೆದಿತ್ತು ಎಂದು ಕೇಳಿದ. ಪೀರಾಂಬಿ ಸೆರಗಿನ ಗಂಟಿನಿಂದ ಚೀಟಿ ತೆಗೆದು, ಕಣ್ಣಿಗೊತ್ತಿಕೊಂಡು, ಕೊಟ್ಟಳು. ಅವನೇ ಗಟ್ಟಿಯಾಗಿ ಓದಿದ.

“ಮೀನು ಸಾಕು.”

“ಸಾಕೇನ್ರಿ ಸಾವಕಾರ.”

“ಸಾಕು ಅಂದ್ರ ಸಾಕು ಬೇ.”

“ಅದನ್ನ ಮಾಡೇನ್ರಿ. ಇನ್ನಾ ಇಪ್ಪತ್ತು ತರಿಸಿ ಸಾಕೇನಿ. ಇನ್ನೂ ಸಾಕಬೇಕಂದ್ರ ಹೌಜ ಸಾಲೂದಿಲ್ಲ.”

ಬಾಗಿಲಲ್ಲಿ ಕೂಡಿದ್ದ ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡರು. ಶಿವಯೋಗೆಪ್ಪ ಗುರುಪಾದಯ್ಯನವರ ಕಡೆ ತಿರುಗಿದ. ಅವರು ಆಕಾಶ ನೋಡುತ್ತ, ಎರಡು ಶಬ್ದದಲ್ಲಿ ಆಗುವ ಕೆಲಸಕ್ಕೆ ನಾಲ್ಕು ಯಾಕೆ ಎಂದು ಗೊಣಗಿದರು. ಈ ಸಲ ಸಂದೇಹಕ್ಕೆ ಎಡೆಯಿಲ್ಲದಂತೆ ಬರೆಯಿರಿ ಎಂದು ಸಾವಕಾರ ಗದರಿದ. ಗುರುಪಾದಯ್ಯನವರು ಹೌಜಿನ ಕಟ್ಟೆಯ ಮೇಲೆಯೇ ಅಚ್ಚಿನ ಕಾಗದ ಇಟ್ಟು, ಮೂರು ಸಲ ತಲೆ ಕೆರೆದು, ತಮ್ಮ ಬಾಳಿನ ಅತ್ಯಂತ ಸ್ಪಷ್ಟ ವಾಕ್ಯ ಬರೆದರು. ಮತ್ತೆ ಎರಡೇ ಶಬ್ದ: ಮೀನು ಬಿಡು.

ಮೀನಿನ ಗೀಳು ಬಿಟ್ಟುಬಿಡು ಎಂದು ಅವರ ಅರ್ಥ. ಪೀರಾಂಬಿ ಅಕ್ಷರಕ್ಕೊಂದು ಬೆರಳಿಟ್ಟು ಓದಿದಳು. ಕಾಲಾವಕಾಶ ಎಷ್ಟು ಎಂದು ವಿನಯದಿಂದ ಕೇಳಿದಳು. ನಾಳೆಯೊಳಗೆ ಎಂದ ಸಾವಕಾರ.

ಅವರು ಹೋದ ಮೇಲೆ ಆಕೆ ಚೀಟಿಯನ್ನು ಕೂಟದ ನಿಯಮದಂತೆ ಮೇಲಿಂದ ಕೆಳಗೆ, ಒಂದಕ್ಷರ ಬಿಡದೆ ಮತ್ತೆ ಓದಿದಳು. ಸ್ಥಳ: ಅಧ್ಯಕ್ಷರ ಹಿತ್ತಲು. ಮೀನು ಬಿಡು.

ಅಧ್ಯಕ್ಷರ ಹಿತ್ತಲಲ್ಲಿ ಏನಿದೆಯೆಂದು ಓಣಿಯಲ್ಲಿ ಮೂವರಿಗೆ ಗೊತ್ತಿತ್ತು. ಒಬ್ಬ ಶಿವಯೋಗೆಪ್ಪ. ಇನ್ನೊಬ್ಬ ಅಬ್ದುಲಸಮದ, ಅವನ ಜೀಪು ಮೀಯುವುದೂ ಅದರ ನೀರಿನಲ್ಲೇ. ಮತ್ತೊಬ್ಬಳು ಸಾವಕಾರನ ತಾಯಿ ಗೌರಾಬಾಯಿ. ಅಮಸಿದ್ದನನ್ನು ಸೇರಿಸಿದರೆ ನಾಲ್ವರು; ಆದರೆ ಅವನು, ಇಂಜಿನಿನ ಸದ್ದಿಗೆ ನನಗೆ ಕಿವಿಯೂ ಹೋಗಿದೆ ಕಣ್ಣೂ ಹೋಗಿದೆ ಎನ್ನುತ್ತಿದ್ದ. ಅಲ್ಲಿ ತಗಡಿನ ಕೆಳಗೆ, ಜೋಳದ ಕಣಿಕೆಯ ಬಣವೆಯಂತೆ ಕಾಣುವ ಹಾಗೆ ಮುಚ್ಚಿದ ಒಂದು ಸಿಮೆಂಟಿನ ತೊಟ್ಟಿ ಇತ್ತು. ನಳ ಬಿಡುವ ಮುಂಚೆ ಅದು ತುಂಬುತ್ತಿತ್ತು. ಬಬಲೇಶ್ವರದ ಬೀಗರು ಸಾವಕಾರನ ಮಗಳನ್ನು ನೋಡಲು ಬರುವವರಿದ್ದರು. ಬರಗಾಲದಲ್ಲೂ ಹಿತ್ತಲಲ್ಲಿ ಮಲ್ಲಿಗೆ ಹೂಬಿಟ್ಟಿದ್ದನ್ನು ಅವರು ಕಾಣಬೇಕಿತ್ತು.

ಐದನೆಯವಳಾಗಿ ಈ ಗುಟ್ಟು ಪೀರಾಂಬಿಗೆ ತಿಳಿದದ್ದು ಬದನೆಕಾಯಿಯ ದಾರಿಯಿಂದ. ಗೌರಾಬಾಯಿಗೆ ಎಪ್ಪತ್ತು ದಾಟಿತ್ತು. ಮೂರು ಹೊತ್ತು ಲಿಂಗಪೂಜೆ, ಕೊರಳಲ್ಲಿ ರುದ್ರಾಕ್ಷಿ, ಬಾಯಲ್ಲಿ ನಾಲ್ಕೇ ಹಲ್ಲು. ಆ ನಾಲ್ಕಕ್ಕೂ ಪೀರಾಂಬಿಯ ಎಳೆ ಬದನೆಯ ಎಣ್ಣೆಗಾಯಿಯೇ ಬೇಕು. ಹಿತ್ತಲ ಬಾಗಿಲಿಂದ ಕದ್ದು ತರಿಸುತ್ತಿದ್ದಳು; ತಂದು ಕೊಡುವಾಗ ಪೀರಾಂಬಿ ಆ ಬಣವೆಯ ಬುಡ ಒದ್ದೆಯಾಗಿದ್ದನ್ನು ಕಂಡಿದ್ದಳು. ಮೀನಿನ ನೀರಿನಲ್ಲಿ ಬೆಳೆದದ್ದು ಎಂದು ಪೀರಾಂಬಿ ಮೊದಲೇ ಹೇಳಿದ್ದಳು. ಸಗಣಿ ಗೊಬ್ಬರದ ಬದನೆಕಾಯಿ ತಿಂದರೆ ಸಗಣಿ ತಿಂದಂತಾಯಿತೇ ಎಂದು ಮುದುಕಿ ಕೇಳಿದ್ದಳು. ಬದನೆಕಾಯಿ ಏನು ತಿಂದಿತು ಎಂದು ನಾನು ಅದರ ಬಾಯಿ ತೆಗೆಸಿ ನೋಡಲೇ ಎಂದೂ ಕೇಳಿದ್ದಳು.

ಮಂಗಳವಾರ ಮಧ್ಯಾಹ್ನ, ಸಾವಕಾರ ಅಂಗಡಿಯಲ್ಲಿದ್ದಾಗ, ಪೀರಾಂಬಿ ಎರಡು ಕೊಡಗಳೊಡನೆ ಆ ಹಿತ್ತಲ ಬಾಗಿಲು ಬಡಿದಳು. ಒಂದು ಕೊಡದಲ್ಲಿ ಫೌಜದಾರ ಒಬ್ಬನೇ. ಜೊತೆಗೆ ಯಾರನ್ನಿಟ್ಟರೂ ತಿನ್ನುವ ಜಾತಿ. ಇನ್ನೊಂದರಲ್ಲಿ ಮಾಮಲೇದಾರ ಮತ್ತು ಆರು ಮರಿ.

“ಅವ್ವಾರ, ಕಮಿಟಿ ಹುಕುಂ ಆಗೈತ್ರಿ. ನಿಮ್ಮ ಹಿತ್ತಲದಾಗ ಮೀನ ಬಿಡಬೇಕಂತ.”

ಗೌರಾಬಾಯಿ ಓದಿಸಿ ಕೇಳಿದಳು. ಚೀಟಿಯನ್ನು ಕೈಗೆ ತೆಗೆದುಕೊಂಡು, ತಲೆಕೆಳಗು ಹಿಡಿದು, ಬಹಳ ಹೊತ್ತು ನೋಡಿದಳು. ಹೋದ ವಾರ ಒಬ್ಬ ಬಾಣಂತಿಯ ತಾಯಿ ಒಂದು ತಂಬಿಗೆ ನೀರಿಗೆ ಬಂದಾಗ ಮಗ, ಇ‍ಲ್ಲ ಎಂದು ಹೇಳು ಎಂದು ಒಳಗಿನಿಂದ ಕೈಸನ್ನೆ ಮಾಡಿದ್ದ, ಗೌರಾಬಾಯಿ ಹಾಗೇ ಹೇಳಿದ್ದಳು. ಆ ಇಲ್ಲ ಎಂಬ ಮಾತು ಅಂದಿನಿಂದ ನಾಲ್ಕು ಹಲ್ಲಿನ ನಡುವೆ ಸಿಕ್ಕಿಕೊಂಡೇ ಇತ್ತು.

“ನನ್ನ ಮಗ ಇಷ್ಟ ಶಾಣ್ಯಾ ಯಾವಾಗ ಆದ?” ಎಂದಳು. ಆಮೇಲೆ ದನಿ ತಗ್ಗಿಸಿ, “ಬದನಿಕಾಯಿ ತಂದೀಯೇನ?” ಎಂದಳು.

ಪೀರಾಂಬಿ ಉಡಿಯಿಂದ ಆರು ಬದನೆಕಾಯಿ ತೆಗೆದಳು. ಮುದುಕಿ ತಗಡಿನ ಒಂದು ಮೂಲೆ ಎತ್ತಿದಳು. ತೊಟ್ಟಿ ತುಂಬಿ ಕುತ್ತಿಗೆಯವರೆಗೆ ಬಂದಿತ್ತು. ಅಷ್ಟು ನೀರನ್ನು ಒಟ್ಟಿಗೆ ಕಂಡ ಪೀರಾಂಬಿ ಅದರಲ್ಲಿ ಮೊಣಕೈವರೆಗೆ ಕೈ ಅದ್ದಿದಳು. ಹುಕುಮು ಪಾಲಿಸಲಾಯಿತು.

ಕಣಿಕೆಯ ನಡುವೆ ಮುಚ್ಚಿಟ್ಟ ನೀರನ್ನು ಮನುಷ್ಯರಿಂದ ಅಡಗಿಸಬಹುದು, ಬೆಕ್ಕಿನಿಂದ ಆಗದು. ಎರಡು ದಿನಕ್ಕೆ ಅಬ್ದುಲಸಮದನ ಅಡ್ಡೆಯ ಕರಿ ಬೆಕ್ಕು ಸಾವಕಾರನ ಹಿತ್ತಲ ಗೋಡೆಯ ಮೇಲೆ ಕೂತಿತು. ನಾಲ್ಕು ದಿನಕ್ಕೆ ಅದರ ಬಳಗವೆಲ್ಲ ಬಂತು. ವಾರ ಕಳೆಯುವುದರೊಳಗೆ ಮೀನು ಮಾಂಸ ಮುಟ್ಟದ ಆ ವಾಡೆಯ ಗೋಡೆಯ ಮೇಲೆ ಓಣಿಯ ಹನ್ನೊಂದು ಬೆಕ್ಕುಗಳು ಪಂಕ್ತಿಗೆ ಕೂತವರಂತೆ ಸಾಲುಗಟ್ಟಿ, ಒಳಗೆ ಮುಖ ಮಾಡಿ, ಬಾಲ ಹೊರಗೆ ಇಳಿಬಿಟ್ಟು ಧ್ಯಾನ ಮಾಡತೊಡಗಿದವು. ಹಾದುಹೋಗುವವರು ನಿಂತು ನೋಡಿದರು. ಸಾವಕಾರನ ಮನೆಯಲ್ಲಿ ಕದ್ದು ಏನು ಬೇಯಿಸುತ್ತಾರೆಂದು ಪಂತ ಕಟ್ಟಿದರು. ಶಿವಯೋಗೆಪ್ಪ ಆಳಿಗೆ ಹೇಳಿ ಓಡಿಸಿದ. ಒಂದು ಇಳಿದರೆ ಎರಡು ಹತ್ತಿದವು. ತನ್ನ ತೊಟ್ಟಿಯಲ್ಲಿ ಮೀನಿರಬಹುದೆಂದು ಅವನಿಗೆ ಹೊಳೆಯಲೇ ಇಲ್ಲ. ತಗಡು ತೆಗೆದು ನೋಡುವ ಧೈರ್ಯ ಹಗಲಿನಲ್ಲಿ ಅವನಿಗಿರಲಿಲ್ಲ.

ಇತ್ತ ಪೀರಾಂಬಿಯ ಹೌಜಿನಲ್ಲಿ ಗೆರೆಗಳು ಇಪ್ಪತ್ಮೂರಕ್ಕೆ ಬಂದಿದ್ದವು. ಬಕೀಟನ್ನು ಮಲಗಿಸಿ ನೀರು ತುಂಬಬೇಕಾಗುತ್ತಿತ್ತು. ಹಗಲೆಲ್ಲ ಆಕೆ ಒದ್ದೆ ಕೌದಿಗಳನ್ನು ಹೌಜಿನ ಮೇಲೆ ಚಪ್ಪರದಂತೆ ಹಾಸಿ ಕಾಯ್ದಳು. ಆಟದ ಹಿಂದೆ ಇದ್ದದ್ದು ಇದು: ಇನ್ನು ಎರಡೇ ಬೆರಳು.

ಬುಧವಾರ ಓದಿನ ಕೂಟಕ್ಕೆ ಹೊರಟಾಗ ಬಾವಡಿಯ ಕಟ್ಟೆಯಲ್ಲಿ ಹೆಂಗಸರು ಆಕೆಯನ್ನು ತಡೆದು, ಸಾವಕಾರನ ಗೋಡೆಯ ಬೆಕ್ಕುಗಳ ಮರ್ಮವೇನು ಎಂದು ಕೇಳಿದರು. ಪೀರಾಂಬಿ ಅತ್ತಿತ್ತ ನೋಡಿ, ಒಳ್ಳೆಯ ಮನಸ್ಸಿನಿಂದ, ಇದ್ದದ್ದನ್ನೇ ಹೇಳಿದಳು.

“ಒಳಗ ಫೌಜದಾರ ಅದಾನ. ನೀರಾಗ ಇಳದಾನ.”

ಮಾತು ಬಾವಡಿಯಿಂದ ಹಿಟ್ಟಿನ ಗಿರಣಿಗೆ, ಗಿರಣಿಯಿಂದ ಕಟ್ಟಿಗೆ ಅಡ್ಡೆಗೆ ಹೋಗುವಷ್ಟರಲ್ಲಿ ಅದಕ್ಕೆ ಟೊಪ್ಪಿಗೆ ಬಂತು, ಲಾಠಿ ಬಂತು, ಇಬ್ಬರು ಪೊಲೀಸರೂ ಬಂದರು. ಫೌಜದಾರರು ಸಾವಕಾರರ ಹಿತ್ತಲಲ್ಲಿ ಖುದ್ದು ಇಳಿದು ಕದ್ದ ನೀರು ಅಳೆಯುತ್ತಿದ್ದಾರೆ ಎಂದು ಅಬ್ದುಲಸಮದನ ಕಿವಿಗೆ ಬಿತ್ತು. ಅವನು ಜೀಪು ತೊಳೆಯುವ ರಬ್ಬರಿನ ಕೊಳವೆಯನ್ನು ಹೊಟ್ಟಿನ ರಾಶಿಯಲ್ಲಿ ಹೂತ. ಒದ್ದೆ ಜೀಪಿನ ಮೇಲೆ ಒಂದು ಬುಟ್ಟಿ ಧೂಳು ಸುರುವಿದ. ಬರಿಗಾಲಲ್ಲಿ ಓಡಿ ಸಾವಕಾರನ ವಾಡೆಯ ಮುಂದೆ ನಿಂತು, ಕೈಮುಗಿದು, ಇಡೀ ಓಣಿಗೆ ಕೇಳುವಂತೆ ಕೂಗಿದ.

“ಫೌಜದಾರ ಸಾಹೇಬ್ರ, ತೊಟ್ಟಿ ನಂದಲ್ರಿ. ಕಟ್ಟಿಸಿದವ್ರೂ ಅವ್ರು, ನಸುಕಿನಾಗ ತುಂಬಿಸ್ಕೊಂಡವ್ರೂ ಅವ್ರು. ನಾ ಬರೇ ಜೀಪ ತೊಳದೇನ್ರಿ.”

ಒಳಗೆ ಯಾವ ಸಾಹೇಬರೂ ಇರಲಿಲ್ಲ. ಹೊರಗೆ ಅಷ್ಟೊತ್ತಿಗೆ ಓಣಿಯ ಅರ್ಧ ಜನ ಇದ್ದರು. ಎಂಥ ತೊಟ್ಟಿ, ಯಾವ ತೊಟ್ಟಿ ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿರುವಾಗ ಹಿತ್ತಲ ಬಾಗಿಲು ತಾನಾಗಿ ತೆರೆಯಿತು. ಗೌರಾಬಾಯಿ ಬದನೆಕಾಯಿಯ ತೊಟ್ಟು ಮುರಿಯುತ್ತ ನಿಂತಿದ್ದಳು. ಒಂದು ಕಡೆ ಸರಿದಳು. ಅಮಸಿದ್ದನಿಗೆ ಆ ಕ್ಷಣ ಕಣ್ಣು ಮರಳಿ ಬಂದವು. ಅವನೇ ಹೋಗಿ ಕಣಿಕೆ ಸರಿಸಿ ತಗಡು ಎತ್ತಿದ.

ಬಿಸಿಲು ತೊಟ್ಟಿಯ ಮೇಲೆ ಬಿದ್ದು ಎಲ್ಲರ ಮುಖಕ್ಕೂ ಹೊಳಪು ಹೊಡೆಯಿತು. ನಡುವೆ ಮೀಸೆಯ ಮೀನು ಮೇಲೆದ್ದು, ಸೇರಿದವರನ್ನೆಲ್ಲ ಒಂದು ಸಲ ವಿಚಾರಿಸಿಕೊಂಡು, ಮುಳುಗಿತು. ಯಾರೋ ಕಿಸಕ್ಕನೆ ನಕ್ಕರು. ಒಂದು ಕೊಡ ಮುಳುಗುವ ಸದ್ದು ಕೇಳಿತು. ಅದರ ಹಿಂದೆ ಇನ್ನೊಂದು.

ಶಿವಯೋಗೆಪ್ಪ ಅಂಗಡಿಯಿಂದ ಬಂದವನು ತನ್ನ ಹಿತ್ತಲಿಗೆ ಕಾಲಿಡಲಿಲ್ಲ. ನೆಟ್ಟಗೆ ಪೀರಾಂಬಿಯ ಅಂಗಳಕ್ಕೆ ನುಗ್ಗಿದ. ಹಿಂದೆ ಧೂಳಿನ ಅಬ್ದುಲಸಮದ, ಅವನ ಹಿಂದೆ ಕಾಗದ ಹಿಡಿದ ಗುರುಪಾದಯ್ಯನವರು. ಸಾವಕಾರನ ಲೆಕ್ಕ ಸರಳವಾಗಿತ್ತು. ಈ ಹೌಜು ಖಾಲಿಯಾಗಬೇಕು. ಖಾಲಿಯಾದರೆ ತಪ್ಪು ಮೀನಿನದೇ, ಮೀನಿನವಳದೇ ಎಂದಾಗುತ್ತದೆ. ತನ್ನ ತೊಟ್ಟಿಯ ಮಾತು ಆ ನೀರಿನೊಡನೆ ಚರಂಡಿಗೆ ಹರಿದುಹೋಗುತ್ತದೆ. ಹೌಜಿನ ಬುಡದ ತೂತಿನ ಬೂಚು ಕಿತ್ತರೆ ನಾಳೆಯೇ ನಳ ಜೋಡಿಸುತ್ತೇನೆ, ಕೀಳದಿದ್ದರೆ ಈ ಜನ್ಮದಲ್ಲಿ ಜೋಡಿಸುವುದಿಲ್ಲ ಎಂದ.

ಪೀರಾಂಬಿ ಬರವಣಿಗೆಯಲ್ಲಿ ಕೊಡಿರಿ ಎಂದಳು.

ಗುರುಪಾದಯ್ಯನವರು ಬರೆಯಲು ಕೂತರು. ಮೂವತ್ತು ವರ್ಷ ಶಬ್ದ ಉಳಿಸಿದ ಕೈ ಖರ್ಚಿಗೆ ಇಳಿಯಿತು. ಹೌಜಿನ ಬೂಚು ಕಿತ್ತು ನೀರನ್ನೆಲ್ಲ ಈ ಕ್ಷಣ ಹೊರಗೆ ಬಿಡತಕ್ಕದ್ದು. ಎಂಟು ಶಬ್ದ. ಬರೆದು ಮುಗಿಸಿ ಅವರು ಹಣೆಯ ಬೆವರು ಒರೆಸಿಕೊಂಡರು.

ಪೀರಾಂಬಿ ಚೀಟಿ ಹಿಡಿದು, ಅಚ್ಚಿನಿಂದ ಹಿಡಿದು ಕೊನೆಯ ಚುಕ್ಕಿಯವರೆಗೆ ಗಟ್ಟಿಯಾಗಿ ಓದಿದಳು. ಈ ಸಲ ಎಲ್ಲೂ ಎಡವಲಿಲ್ಲ. ‘ತಕ್ಕದ್ದು’ ಎಂಬಲ್ಲಿ ಕೂಡ. ಅಷ್ಟರಲ್ಲಿ ಬಾಗಿಲಲ್ಲಿ ರೇಣುಕವ್ವ, ಅಮಸಿದ್ದ, ಓದಿನ ಕೂಟದ ಹೆಂಗಸರು ಬಂದು ನಿಂತಿದ್ದರು. ಎಲ್ಲರ ಸೊಂಟದಲ್ಲೂ ಒಂದೊಂದು ತುಂಬಿದ ಕೊಡ. ಅವರ ನಡುವೆ ಕೋಲೂರಿದ ಗೌರಾಬಾಯಿಯೂ ಇದ್ದಳು. ಆಕೆಯ ಕೈಯಲ್ಲಿ ಒಂದು ತಂಬಿಗೆ.

“ಈ ಸಲ ಚಲೋ ಬರದೀರಿ ಅಯ್ಯಾರ,” ಎಂದಳು ಪೀರಾಂಬಿ. “ಎರಡ ಅರ್ಥ ಇಲ್ಲ.”

“ತಿಳೀತಲ್ಲ?” ಎಂದ ಶಿವಯೋಗೆಪ್ಪ. “ಹಂಗಾದ್ರ ಬಿಡು.”

ಆಕೆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ, ಮೊದಲಿನ ಎರಡರ ಜೊತೆ ಸೆರಗಿನ ಗಂಟಿಗೆ ಸೇರಿಸಿದಳು. ಹೌಜಿನ ಬುಡದಲ್ಲಿ ಬೂಚು ಇದ್ದ ಕಡೆಗೆ ಹೋಗಿ, ಅದಕ್ಕೆ ಬೆನ್ನು ಕೊಟ್ಟು, ಕೌದಿ ಹೊಲೆಯಲು ಕೂತಂತೆ ಕಾಲು ಚಾಚಿ ನೆಲದ ಮೇಲೆ ಕೂತಳು.

“ತಿಳೀತ್ರಿ ಸಾವಕಾರ. ಬಿಡೂದಿಲ್ಲ.”